ಪಿತ್ತದ ಮಾತ್ರೆ

“ಮೈ ಮುಟ್ಟಕ್ಕೆ ಓಗ್ಬ್ಯಾಡಿ, ದೂರದಿಂದ್ಲೇ ನೀರು ಸುರುದ್ಬುಡಿ,” ಎಂದು ಯಶೋದಮ್ಮ ಹೇಳುವಷ್ಟರಲ್ಲಿ ಪ್ರಮೀಳಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿತ್ತಲ ಚಪ್ಪಡಿಯ ಮೇಲೆ ಮಲಗಿಸಿದ್ದ ಅತ್ತೆ ರಾಚಮ್ಮನ ತಣ್ಣಗಿನ ತೋಳಿಗೆ ಸೀಗೆಪುಡಿ ಹಚ್ಚಿ ಉಜ್ಜತೊಡಗಿದ್ದಳು.

ಸುತ್ತಲೂ ಸೀರೆ ಮರೆ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಚಮ್ಮನ ಮೈಯೆಲ್ಲ ಹಳದಿಗಟ್ಟಿತ್ತು. ತೋಳು, ಮೊಣಕಾಲು, ಹೊಟ್ಟೆ, ಉಗುರು ತಾಗುವ ಕಡೆಯಲ್ಲೆಲ್ಲ ಕೆರೆದು ಕೆರೆದು ಕಪ್ಪಾದ ಗೀರುಗಳು. ಕೆಲವು ಬಹಳ ಹಳೆಯವು. ಕೆಲವಕ್ಕೆ ಇನ್ನೂ ಹಕ್ಕಳೆ ಕಟ್ಟಿರಲಿಲ್ಲ.

“ಅಂಟೋ ಕಾಯ್ಲೆ ಕಣವ್ವ. ನೀನೂ ಮಗ ಎತ್ತೋಳು,” ಎಂದಳು ಯಶೋದಮ್ಮ. ಆಕೆ ರಾಚಮ್ಮನ ಗಂಡನ ತಂಗಿ, ಹುಣಸೂರಿನಿಂದ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳು. ಅತ್ತಿಗೆಗಾಗಿ ಎದೆ ಬಡಿದುಕೊಂಡು ಅತ್ತದ್ದು ನಿಜ. ಆದರೆ ಅತ್ತದ್ದೂ ಹೊಸಿಲಿನಾಚೆ ನಿಂತೇ.

“ಅಂಟಲ್ಲ ಹುಣಸೂರತ್ತೆ.”

“ಅಂಟಲ್ದೆ ಓದ್ರೆ ಆವತ್ತು ನಿಂಗ್ಯಾಕೆ ಬಂದಿತ್ತು?”

ಪ್ರಮೀಳಾ ಅತ್ತೆಯ ಅಂಗೈ ಬಿಡಿಸಿ, ಬೆರಳ ಸಂದುಗಳನ್ನು ಒಂದೊಂದಾಗಿ ತೊಳೆದಳು.

*

ಪ್ರಮೀಳಾ ಕೆ.ಆರ್. ನಗರದಿಂದ ಹಾರನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗ ರಾಚಮ್ಮನಿಗೆ ತುರಿಕೆ ಆಗಲೇ ಶುರುವಾಗಿತ್ತು. ಹೊಗೆಸೊಪ್ಪಿನ ಅಂಟಿನಿಂದ ಬಂದದ್ದು ಎಂದು ಎಲ್ಲರೂ ತಿಳಿದಿದ್ದರು. ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸಿ ತಂದ ಸೊಪ್ಪನ್ನು ಜಗಲಿಯ ಮೇಲೆ ರಾಶಿ ಹಾಕಿಕೊಂಡು, ಬಣ್ಣ ನೋಡಿ ಬೇರೆ ಮಾಡುವುದರಲ್ಲಿ ರಾಚಮ್ಮನಷ್ಟು ಚುರುಕಾದವರು ಆ ಬೀದಿಯಲ್ಲೇ ಇರಲಿಲ್ಲ. ಸೊಪ್ಪಿನ ಮೇಲೆ ಆಡಿದ ಕೈ ಅದೇ ವೇಗದಲ್ಲಿ ತನ್ನ ತೋಳಿನ ಮೇಲೂ ಆಡುತ್ತಿತ್ತು. ಬೇವಿನ ಸೊಪ್ಪು ಅರೆದು ಹಚ್ಚಿದ್ದಾಯಿತು, ನಾಗರಕಲ್ಲಿಗೆ ಹಾಲೆರೆದದ್ದಾಯಿತು, ಪಿರಿಯಾಪಟ್ಟಣದಿಂದ ಬಗೆಬಗೆಯ ಮುಲಾಮು ತಂದದ್ದಾಯಿತು. ಹಗಲು ಹೇಗೋ ಕಳೆಯುತ್ತಿತ್ತು. ಹೊತ್ತು ಮುಳುಗಿತೆಂದರೆ ಅಂಗೈ ಅಂಗಾಲುಗಳಲ್ಲಿ ಬೆಂಕಿಯಾಡುತ್ತಿತ್ತು.

ಮೆಲ್ಲಮೆಲ್ಲಗೆ ಜನ ದೂರವಾದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಟ್ಟೆ ಬೇರೆಯಾಯಿತು, ಟವೆಲು ಬೇರೆಯಾಯಿತು, ಮಲಗುವ ಚಾಪೆ ನಡುಮನೆಯಿಂದ ಹಿತ್ತಲ ಬಾಗಿಲ ಪಕ್ಕಕ್ಕೆ ಹೋಯಿತು. ಮದುವೆ ಮನೆಯಲ್ಲಿ ಒಬ್ಬಟ್ಟು ತಟ್ಟಲು ಆಕೆಯನ್ನೇ ಮೊದಲು ಕರೆಯುತ್ತಿದ್ದವರು, “ನೀವು ಸುಮ್ನೆ ಕೂತ್ಕಳಿ ರಾಚಮ್ಮೋರೆ, ಹುಡ್ಗೀರು ಮಾಡ್ತಾರೆ” ಎನ್ನತೊಡಗಿದರು. ರಾಚಮ್ಮ ಬಾಯಿ ಜೋರಿನ ಹೆಂಗಸು. ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳಿಸುವಂತೆ ಅನ್ನುವವಳು. ಇದಕ್ಕೆ ಮಾತ್ರ ಒಂದು ಮಾತೂ ಆಡಲಿಲ್ಲ.

ಮೊದಲ ಬಸುರಿನಲ್ಲಿ ದಿನ ತುಂಬುತ್ತ ಬಂದಾಗ ಪ್ರಮೀಳಾಳ ಅಂಗೈ ಅಂಗಾಲುಗಳೂ ತುರಿಸತೊಡಗಿದವು. ಅವಳು ಗಂಡ ಶಿವಶಂಕರನೆದುರು ಅತ್ತುಬಿಟ್ಟಳು. “ಅತ್ತೇದು ನಂಗೂ ಅಂಟ್ಕತ್ತು. ನಾನಿಲ್ಲಿ ಇರಲ್ಲ.”

ತವರಿಗೆ ಹೋದಳು. ಅಲ್ಲಿ ಮಗು ಹೊಟ್ಟೆಯಲ್ಲೇ ಸತ್ತಿತು.

ಬಾಣಂತಿಗೆಂದು ಖಾರದ ಪುಡಿ ಮಾಡಿ ತಂದಿದ್ದ ರಾಚಮ್ಮನನ್ನು ಪ್ರಮೀಳಾಳ ತಾಯಿ ಬಾಗಿಲಲ್ಲೇ ತಡೆದು ನಿಲ್ಲಿಸಿದಳು. ಏನೇನು ಅಂದಳೋ ಅದೆಲ್ಲವೂ ಒಳಗೆ ಮಲಗಿದ್ದ ಪ್ರಮೀಳಾಗೆ ಕೇಳಿಸಿತ್ತು. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಹೆರಿಗೆಯಾಗಿ ಕೆಲವೇ ದಿನಕ್ಕೆ ಅವಳ ತುರಿಕೆ ತಾನಾಗಿಯೇ ನಿಂತಿತು. ಅತ್ತೆಯಿಂದ ದೂರವಿದ್ದುದಕ್ಕೇ ನಿಂತಿತು ಎಂದು ಎಲ್ಲರೂ ಹೇಳಿದರು. ಅವಳಿಗೂ ಹಾಗೆಯೇ ತೋರಿತು.

*

“ಲಿವರ್ರು ಓಗೋದು ಕುಡಿಯೋರ್ಗಲ್ವಾ? ಎಂಗಸ್ರಿಗೂ ಬತ್ತದಾ?”

ಅತ್ತೆಗೆ ಹೊಸ ಸೀರೆ ಸುತ್ತಿ, ಹಣೆಗೆ ವಿಭೂತಿ ಹಚ್ಚುತ್ತಿದ್ದ ಪ್ರಮೀಳಾಗೆ ಶಾಮಿಯಾನದಡಿಯ ಆ ಮಾತು ಕಿಟಕಿಯಿಂದ ಕೇಳಿಸಿತು. ಯಾರೋ ದೂರದ ನೆಂಟ. ತಗ್ಗಿದ ದನಿಯಲ್ಲಿ ಆಡಿದೆನೆಂದು ತಿಳಿದಿದ್ದ.

ಮೂಲೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದ ಮಾವ ಚಿಕ್ಕಬಸಪ್ಪ ತಲೆಯೆತ್ತಿದ.

“ನನ್ನೆಡ್ತಿ ಹುಟ್ಟಿದಾಗ್ನಿಂದ ಕುಡ್ದಿದ್ದು ಮಜ್ಗೆ ಕಣಯ್ಯ. ಬೇಕಾದ್ರೆ ನಾನು ಕುಡ್ದಿವ್ನಿ, ನನ್ನ ಅನ್ನು. ನಂಗೇನೂ ಆಗ್ನಿಲ್ಲ. ಅವಳ್ಗಾಯ್ತು. ಅದ್ಕೇನ್ ಮಾಡಾನ, ಯೋಳು?”

ಅಷ್ಟರಲ್ಲಿ ಬಸ್ಸಿಳಿದ ಮೆಹಬೂಬ್ ಶಾಮಿಯಾನ ಕಂಡು ರಸ್ತೆಯಲ್ಲೇ ನಿಂತುಬಿಟ್ಟ. ಪಿರಿಯಾಪಟ್ಟಣದ ಬಳೆ ವ್ಯಾಪಾರಿ ಅವನು. ಸರಕು ತರಲು ಮೈಸೂರಿಗೆ ಹೋದಾಗಲೆಲ್ಲ ರಾಚಮ್ಮನ ಮಾತ್ರೆಯನ್ನೂ ತರುತ್ತಿದ್ದ. ಆ ಮಾತ್ರೆ ಇಲ್ಲೆಲ್ಲೂ ಸಿಗುತ್ತಿರಲಿಲ್ಲ. ಈಗಲೂ ಅವನ ಅಂಗಿಯ ಜೇಬಿನಿಂದ ಔಷಧಿ ಅಂಗಡಿಯ ಕಾಗದದ ಚೀಲ ಇಣುಕುತ್ತಿತ್ತು.

“ಯಾವಾಗ, ಅಣ್ಣಾ?” ಎಂದು ಚಿಕ್ಕಬಸಪ್ಪನ ಕೈ ಹಿಡಿದ.

“ರಾತ್ರಿ. ರಕ್ತ ಕಾರ್ಕಂಡ್ಲು. ಜೀಪು ಬರಾ ಒತ್ಗೆ ಮುಗ್ದೋಗಿತ್ತು.”

ಮೆಹಬೂಬ್ ಚೀಲವನ್ನು ಹೊರತೆಗೆದ. ಕೊಡುವುದೋ ಬೇಡವೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಚಿಕ್ಕಬಸಪ್ಪ ಅದನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವನ ಕೈಗೇ ಕೊಟ್ಟ.

“ಅಂಗ್ಡಿಯೋರ್ಗೆ ವಾಪಸ್ ಕೊಡಪ್ಪ. ಇನ್ಯಾರ್ಗಾದ್ರೂ ಬೇಕಾಗ್ತದೆ.”

ಕಿಟಕಿಯ ಬಳಿ ನಿಂತು ಪ್ರಮೀಳಾ ಎಲ್ಲವನ್ನೂ ನೋಡಿದಳು. ಆ ಮಾತ್ರೆಯ ಕಹಿ ಅವಳ ನಾಲಿಗೆಗೂ ಗೊತ್ತಿತ್ತು.

*

ಎರಡನೆಯ ಬಸುರಿನಲ್ಲಿ ಅವಳು ಮೊದಲೇ ಕೆ.ಆರ್. ನಗರ ಸೇರಿಕೊಂಡಿದ್ದಳು. ಆದರೂ ತುರಿಕೆ ಬಂತು. ಅತ್ತೆಯ ಮುಖ ಕಂಡು ತಿಂಗಳುಗಳಾಗಿದ್ದವು, ಆದರೂ ಬಂತು. ಅವಳು ತಾಯಿಗೆ ಹೇಳದೆ ಅಂಗಾಲನ್ನು ಹೊಸಿಲಿಗೆ ತಿಕ್ಕಿ ತಿಕ್ಕಿ ದಿನ ದೂಡುತ್ತಿದ್ದಳು. ನೋಡಲು ಬಂದ ಶಿವಶಂಕರ ಅದನ್ನು ಕಂಡು ಹೋಗಿ ಊರಲ್ಲಿ ಹೇಳಿದ.

ಮಾರನೆಯ ದಿನವೇ ರಾಚಮ್ಮ ಒಬ್ಬಳೇ ಬಸ್ಸು ಹತ್ತಿ ಬಂದಳು. ಬೀದಿಯಲ್ಲೇ ನಿಂತು ಕೂಗಿದಳು.

“ಒಳಕ್ಕೆ ಬರಾಕಿಲ್ಲ ಬೀಗಿತ್ತೀರೇ, ಎದರ್ಕಬ್ಯಾಡಿ. ಸೊಸೆ ಕುಟ್ಟೆ ಎರಡು ಮಾತಾಡ್ಬುಟ್ಟು ಓಯ್ತೀನಿ.”

ಪ್ರಮೀಳಾ ಬಾಗಿಲಿಗೆ ಬಂದಳು.

“ನಂಗೆ ಕಣ್ಣು ಅಳ್ದಿ ಆಯ್ತಲ್ಲ, ನಿಮ್ಮಾವ ಮೈಸೂರ್ಗೆ ಕರ್ಕೊಂಡೋಗಿದ್ರು. ರಕ್ತ ನೋಡುದ್ರು, ಸ್ಕ್ಯಾನಿಂಗ್ ಮಾಡುದ್ರು. ಚರ್ಮದ ಕಾಯ್ಲೆ ಅಲ್ವಂತೆ, ಒಳ್ಗೆ ಪಿತ್ತ ನಿಂತ್ಕಂಡಿರೋದಂತೆ. ಅಂಟಲ್ಲ ಅಂದ್ರು ಆ ಡಾಕ್ಟ್ರಮ್ಮ. ನನ್ ಮಾತ ನಂಬ್ಬ್ಯಾಡ ಕಣವ್ವ. ನೀನೇ ಬಂದು ಅವ್ರನ್ನ ಕೇಳು. ಬಸ್ನಾಗೆ ಬೇರೆ ಸೀಟಲ್ಲಿ ಕೂತ್ಕತೀನಿ.”

ತಾಯಿ ಒಳಗಿನಿಂದ ಬೇಡ ಬೇಡ ಎನ್ನುತ್ತಲೇ ಇದ್ದಳು. ಪ್ರಮೀಳಾ ಚಪ್ಪಲಿ ಮೆಟ್ಟಿಕೊಂಡಳು. ಹೊಟ್ಟೆಯೊಳಗೆ ಮಗು ಇನ್ನೂ ಆಡುತ್ತಿತ್ತು. ಅದು ಆಡುವುದು ನಿಲ್ಲುವ ದಿನಕ್ಕೆ ಕಾಯುತ್ತ ಕೂರುವುದು ಅವಳಿಂದ ಆಗದಾಗಿತ್ತು.

ರಾಚಮ್ಮ ಹೇಳಿದ ಹಾಗೆ ಬೇರೆ ಸೀಟಿನಲ್ಲೇ ಕೂತಳು, ಕಿಟಕಿಯ ಪಕ್ಕ. ಮೈಸೂರು ಬರುವ ತನಕ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಡಾಕ್ಟರಮ್ಮ ರಕ್ತದ ವರದಿ ಬರುವವರೆಗೆ ಕೂರಿಸಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು.

“ಇವರದು ಬೇರೆ ಕಾಯಿಲೆ, ನಿಮ್ಮದು ಬೇರೆ. ಇವರ ಲಿವರ್ ಒಳಗೆ ಪಿತ್ತ ಹರಿಯೋ ಸಣ್ಣ ಸಣ್ಣ ನಾಳಗಳು ಹಾಳಾಗ್ತಾ ಇವೆ. ನಿಮ್ಮದು ಬಸುರಿನಿಂದ ಬಂದಿರೋದು, ಪಿತ್ತದ ಹರಿವು ನಿಧಾನ ಆಗಿದೆ, ಹೆರಿಗೆ ಆದಮೇಲೆ ಹೋಗುತ್ತೆ. ಪಿತ್ತ ರಕ್ತಕ್ಕೆ ಸೇರಿದರೆ ಇಬ್ಬರಿಗೂ ತುರಿಕೆನೇ. ಇದು ಒಬ್ಬರಿಂದ ಒಬ್ಬರಿಗೆ ಬರೋದಲ್ಲ.”

“ಇನ್ನೊಂದ್ಸಲ ಯೋಳಿ ಡಾಕ್ಟ್ರೇ,” ಎಂದಳು ರಾಚಮ್ಮ.

“ಯಾವುದಮ್ಮ?”

“ಆ ಕೊನೇ ಮಾತು.”

ಡಾಕ್ಟರಮ್ಮ ಒಮ್ಮೆ ಅತ್ತೆಯನ್ನು, ಒಮ್ಮೆ ಸೊಸೆಯನ್ನು ನೋಡಿದರು. “ಒಬ್ಬರಿಂದ ಒಬ್ಬರಿಗೆ ಬರಲ್ಲ,” ಎಂದು ನಿಧಾನವಾಗಿ ಹೇಳಿದರು. ರಾಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿಬಿಟ್ಟಳು.

ಇಬ್ಬರಿಗೂ ಒಂದೇ ಮಾತ್ರೆ ಬರೆದಿದ್ದರು. ಪ್ರಮೀಳಾಗೆ ವಾರ ವಾರ ಬಂದು ತೋರಿಸಬೇಕು, ಈ ಪಿತ್ತ ಹೊಟ್ಟೆಯೊಳಗಿನ ಮಗುವಿಗೆ ಅಪಾಯ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕು ಎಂದೂ ಹೇಳಿದ್ದರು.

ಬಸ್ ಸ್ಟ್ಯಾಂಡಿನ ಬಳಿಯ ಹೋಟೆಲಿಗೆ ರಾಚಮ್ಮನೇ ಕರೆದುಕೊಂಡು ಹೋದಳು. “ಎಣ್ಣೆ ಮುಟ್ಬ್ಯಾಡಿ ಅಂದವ್ರೆ. ಮೈಸೂರ್ಗೆ ಬಂದು ಮಸಾಲೆ ದೋಸೆ ತಿನ್ದೆ ಓಗಕ್ಕಾದದಾ?” ಎಂದು ನಕ್ಕಳು. ಅವಳ ಕಣ್ಣಿನ್ನೂ ಕೆಂಪಗಿತ್ತು. “ಗೊತ್ತಾ ನಿಂಗೆ, ಈ ಮಾತ್ರೆ ಔಷಧಿ ಮೊದ್ಲು ಸಿಕ್ಕಿದ್ದು ಕರಡಿ ಪಿತ್ತದಾಗಂತೆ. ಕೊರಳ ಲಿಂಗ ಹಿಡ್ಕಂಡು ಕೇಳ್ದೆ, ಕರಡಿ ಕೊಂದು ಮಾಡ್ತೀರಾ ಡಾಕ್ಟ್ರೇ ಅಂತ. ಇಲ್ಲಮ್ಮ, ಈಗ ಕಾರ್ಖಾನೇಲಿ ಮಾಡೋದು ಅಂದ್ರು. ಅಂತೂ ಕರಡಿಗೆ ಗೊತ್ತಾಗ್ದಂಗೆ ತಿನ್ತಾ ಇವ್ನಿ.”

ಪ್ರಮೀಳಾಗೆ ನಗು ಬಂತು. ಎಷ್ಟೋ ತಿಂಗಳಿಗೆ ಬಂದ ನಗು. ಅತ್ತೆಯ ತಟ್ಟೆಯಲ್ಲಿ ದೋಸೆ ಗರಿಗರಿಯಾಗಿ ಕಂಡಿತು. ಅವಳು ಕೈ ಚಾಚಿ ಅದರ ಅಂಚಿನಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ರಾಚಮ್ಮ ತಟ್ಟೆಯನ್ನು ಮೆಲ್ಲನೆ ಮೇಜಿನ ನಡುವಿಗೆ ಸರಿಸಿದಳು.

ಪ್ರಮೀಳಾ ತವರಿಗೆ ಹೋಗಲಿಲ್ಲ. ನೇರ ಹಾರನಹಳ್ಳಿಗೇ ಬಂದಳು.

ಆ ಮಳೆಗಾಲದಲ್ಲಿ ಒಮ್ಮೆ ಮೈಸೂರಿನ ಅಂಗಡಿಯಲ್ಲೂ ಮಾತ್ರೆ ಮುಗಿದು, ಮೆಹಬೂಬ್ ಬರಿಗೈಯಲ್ಲಿ ಬಂದ. ರಾಚಮ್ಮ ತನ್ನ ಬಳಿ ಉಳಿದಿದ್ದ ಮಾತ್ರೆಗಳನ್ನು ಸೊಸೆಯ ದಿಂಬಿನಡಿ ಇಟ್ಟಳು.

“ನಿಮ್ಗೆ?” ಎಂದಳು ಪ್ರಮೀಳಾ.

“ನಂಗೆ ತುರಿಸ್ಕಳದು ಅಭ್ಯಾಸ ಆಗ್ಬುಟ್ಟದೆ. ನುಂಗು.”

ಪ್ರಮೀಳಾ ನುಂಗಿದಳು. ಬೇಡವೆಂದು ಜಗಳವಾಡಲಿಲ್ಲ. ಹೊಸ ಸರಕು ಬರುವಷ್ಟರಲ್ಲಿ ರಾಚಮ್ಮನ ಕಣ್ಣು ಮತ್ತೆ ಹಳದಿಯಾಗಿತ್ತು. ಅಷ್ಟು ದಿನ ಬಿಟ್ಟದ್ದರಿಂದ ದೊಡ್ಡ ತೊಂದರೆಯೇನಿಲ್ಲ, ಈ ಕಾಯಿಲೆಯ ದಾರಿಯೇ ಅಂಥದು, ಮಾತ್ರೆ ಅದನ್ನು ನಿಧಾನ ಮಾಡುತ್ತದೆ ಅಷ್ಟೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಪ್ರಮೀಳಾ ಆ ಮಾತನ್ನು ನಂಬಿದ್ದಳು. ಅತ್ತೆಯ ಹೊಟ್ಟೆಯಲ್ಲಿ ನೀರು ತುಂಬತೊಡಗಿದ ಈ ವರ್ಷ ಮಾತ್ರ ಆ ಮಾತನ್ನು ಮತ್ತೆ ಮತ್ತೆ ನೆನೆದುಕೊಳ್ಳಬೇಕಾಯಿತು.

ಆ ಬಸುರಿನಲ್ಲಿ ಹುಟ್ಟಿದ್ದು ಶಶಿ. ಆಸ್ಪತ್ರೆಯಲ್ಲಿ ದಾದಿ ಮಗುವನ್ನು ತಂದಾಗ ರಾಚಮ್ಮ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಹಿಂದೆ ಸರಿದಿದ್ದಳು. “ಅತ್ತೇ, ನೀವೇ ಮೊದ್ಲು ಎತ್ಕಳಿ,” ಎಂದು ಪ್ರಮೀಳಾ ಮಲಗಿದ್ದಲ್ಲಿಂದಲೇ ಹೇಳಿದ್ದಳು.

*

ಹೊತ್ತು ನೆತ್ತಿಗೆ ಬಂತು. ಹೊಲದ ಬದುವಿನಲ್ಲಿ ಗುಂಡಿ ತೋಡಿ ಆಯಿತೆಂದು ಸುದ್ದಿ ಬಂತು. ಜಗಲಿಯ ಮೇಲೆ ರಾಚಮ್ಮನನ್ನು ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರಗಳು, ಅಂಗೈಯಲ್ಲಿ ಲಿಂಗ. ಅಯ್ಯನವರು ಪೂಜೆ ಮುಗಿಸಿ ಪಕ್ಕಕ್ಕೆ ಸರಿದರು. “ಮುಖ ನೋಡೋರು ನೋಡ್ಬುಡಿ,” ಎಂದು ಶಿವಶಂಕರ ಹೇಳಿದ.

ಒಬ್ಬೊಬ್ಬರೇ ಬಂದು, ದೂರದಿಂದ ಹೂವು ಎಸೆದು ಕೈಮುಗಿದರು. ಮೆಹಬೂಬ್ ಮೆಟ್ಟಿಲ ಕೆಳಗೆ ಟೋಪಿ ತೆಗೆದು ನಿಂತಿದ್ದ.

ಯಶೋದಮ್ಮ ಶಶಿಯ ರಟ್ಟೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಹುಡುಗಿ ಬೆಳಗಿನಿಂದ ಅತ್ತಿರಲಿಲ್ಲ. ಅಜ್ಜಿಯನ್ನು ಕೂರಿಸಿದ ಮೇಲೆ ಆಕೆಯ ಮುಖವನ್ನೇ ನೋಡುತ್ತಿದ್ದಳು.

“ಇಲ್ಲಿಂದ್ಲೇ ಕೈಮುಗಿ ಮಗ. ಅತ್ರ ಬ್ಯಾಡ.”

ಪ್ರಮೀಳಾ ಬಂದು ಯಶೋದಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಜೋರಾಗಿ ಅಲ್ಲ.

“ಬುಡಿ ಹುಣಸೂರತ್ತೆ. ಅವಳ ಅಜ್ಜಿ.”

ಶಶಿ ಮೆಟ್ಟಿಲು ಹತ್ತಿ ಹೋದಳು. ಕಾಲಿಗೆ ಬೀಳಬಹುದು ಎಂದು ಎಲ್ಲರೂ ಕಾದರು. ಅವಳು ಬೀಳಲಿಲ್ಲ. ಅಜ್ಜಿಯ ಪಕ್ಕದಲ್ಲಿ, ದಿನವೂ ಕೂರುವವಳ ಹಾಗೆ, ಮೊಣಕಾಲು ಮಡಿಚಿ ಕೂತಳು. ಗೋಡೆಗೂ ಅಜ್ಜಿಯ ಬೆನ್ನಿಗೂ ನಡುವೆ ಇದ್ದ ಕಿರಿದಾದ ಸಂದಿಯಲ್ಲಿ ಕೈ ತೂರಿಸಿ, ಅಜ್ಜಿಯ ಕೈ ಎಟುಕದ ಜಾಗದಲ್ಲಿ ಮೆಲ್ಲಗೆ ಕೆರೆಯತೊಡಗಿದಳು.

ಯಶೋದಮ್ಮ ಒಂದು ಹೆಜ್ಜೆ ಮುಂದೆ ಬಂದು ನಿಂತಳು.

“ಇಲ್ಲಾ ಅಜ್ಜಿ?” ಎಂದಳು ಶಶಿ, ಅಜ್ಜಿಯ ಕಿವಿಯ ಬಳಿ ಬಾಗಿ. “ಇನ್ನೂ ವಸಿ ಕೆಳ್ಗಾ?”

ಅವಳ ಬೆರಳು ಆಡಿದ ಹಾಗೆಲ್ಲ ರಾಚಮ್ಮನ ಎದೆಯ ಮೇಲಿನ ಸೇವಂತಿಗೆ ಹಾರ ಸಣ್ಣಗೆ ಅಲುಗುತ್ತಿತ್ತು.