ಏಳನೆಯ ತರಗತಿಯ ಮೂರು ತಿಂಗಳು

ಕಚೇರಿಯಲ್ಲಿ ಅವಳಿಗೆ ಪಟ್ಟಿಯಕ್ಕ ಎಂದೇ ಹೆಸರು. ಸಮೀಕ್ಷೆಯಲ್ಲಿ ಜನ ಕೊಟ್ಟ ಉತ್ತರಗಳನ್ನು ಜನಗಣತಿಯ ಸಂಕೇತಗಳಿಗೆ ಹೊಂದಿಸಿ ಪಟ್ಟಿ ಮಾಡುವುದು ಅವಳ ಕೆಲಸ. ಕೇಳುವುದಕ್ಕೇನೋ ಸಲೀಸು, ಕೂತು ಮಾಡಿದವರಿಗೇ ಗೊತ್ತು ಅದರ ಪಾಡು. ಈ ಸಲದ್ದು ಓದಿನ ಪ್ರಶ್ನೆ. ಏಳನೆಯ ತರಗತಿ ಮುಗಿಸದ ದೊಡ್ಡವರ ಸಂಖ್ಯೆ ನೂರು ದಾಟಿದ ಬಡಾವಣೆಗೆ ಸಂಜೆ ಶಾಲೆ ಬರುವುದಿತ್ತು. ಅವಳ ಬಡಾವಣೆಯಲ್ಲಿ ಅಂಥವರು ಅರವತ್ತೊಂದೇ ಜನ. ಶಾಲೆಯ ಆಸೆ ಬಿಡಬೇಕಾದ್ದೇ.

"ಪಕ್ಕದ ಮನೆಯವಳು ಕೇಳ್ತಿದ್ಲು ಕಣೇ, ಸಂಜೆ ಶಾಲೆ ನಮ್ಮ ಕಡೆ ಬರುತ್ತಾ ಅಂತ" ಎಂದು ಅಮ್ಮ ವಾರದಲ್ಲಿ ಮೂರು ಸಲ ಕೇಳಿದ್ದಳು. ಆ ಮಹರಾಯಿತಿಗೆ ಓದಿನ ಹುಚ್ಚು ಯಾವಾಗ ಹತ್ತಿತೋ ಎಂದು ಮಗಳು ನಕ್ಕಿದ್ದಳು.

ಯಾವ ಪಟ್ಟಿಯನ್ನೇ ಆಗಲಿ, ಒಪ್ಪಿಸುವ ಮುಂಚೆ ಮನೆಯವರ ಮೇಲೇ ಒರೆಹಚ್ಚಿ ನೋಡುವುದು ಅವಳ ಅಭ್ಯಾಸ. ಬೆಳಿಗ್ಗೆ ಬಟ್ಟೆ ಮಡಿಸುತ್ತಿದ್ದ ಅಮ್ಮನನ್ನು ಕೇಳಿದಳು, "ಎಷ್ಟನೇ ಕ್ಲಾಸ್‌ವರೆಗೆ ಓದಿದೀಯ?"

"ಏಳು. ನಿಂಗೊತ್ತಿಲ್ವಾ?"

"ಪರೀಕ್ಷೆ ಪಾಸಾದೆ ತಾನೆ?"

ಅಮ್ಮ ಮಡಿಸಿಟ್ಟ ದಿಂಬಿನ ಚೀಲವನ್ನು ಬಿಡಿಸಿ ಮತ್ತೆ ಮಡಿಸಿದಳು. "ಪರೀಕ್ಷೆ ಎಲ್ಲಿ ಬಂತು? ಹೋಗಿದ್ದೇ ಮೂರು ತಿಂಗಳು. ನಿನ್ನ ಮಾವ ಹುಟ್ಟಿದ, ಮಗು ನೋಡ್ಕೊಳ್ಳೋಕೆ ಅಂತ ನನ್ನ ಬಿಡಿಸಿದ್ರು. ಏಳಕ್ಕೆ ಹೋಗಿದ್ದಂತೂ ಸುಳ್ಳಲ್ಲ."

ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ! ಸಮೀಕ್ಷೆ ಕೇಳಿದ್ದು ಎಷ್ಟರವರೆಗೆ ಓದಿದಿರಿ ಎಂದು. ಗಣತಿಯ ಸಂಕೇತಕ್ಕೆ ಬೇಕಿದ್ದದ್ದು ಎಷ್ಟು ಮುಗಿಸಿದಿರಿ ಎಂಬುದು. ಏಳು ಎಂದವರನ್ನೆಲ್ಲ ಪಟ್ಟಿಯಕ್ಕ ಕಣ್ಣುಮುಚ್ಚಿ ಮುಗಿಸಿದವರ ಸಾಲಿಗೆ ಸೇರಿಸಿದ್ದಳು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಕಚೇರಿಯಲ್ಲಿ ಮೇಲಧಿಕಾರಿ ಗಡಿಯಾರ ನೋಡಿದರು. "ಪಟ್ಟಿ ಇವತ್ತೇ ಹೋಗ್ಬೇಕಮ್ಮ. ಒಂದು ಕ್ಲಾಸು ಹೆಚ್ಚುಕಮ್ಮಿ ಆದ್ರೆ ಆಕಾಶ ಕಳಚಿ ಬೀಳುತ್ತಾ?"

"ಆ ಒಂದು ಕ್ಲಾಸಲ್ಲೇ ನಮ್ಮಮ್ಮ ಸಿಕ್ಕಿಹಾಕ್ಕೊಂಡಿದಾರೆ ಸಾರ್. ಫಾರಮ್ಮಿನ ಹಿಂದುಗಡೆ ಪಾಸಾಗಿದ್ದೀರಾ ಅಂತ ಇನ್ನೊಂದು ಪ್ರಶ್ನೆ ಇದೆ. ನಾನು ಅದನ್ನ ತಿರುಗಿಸಿ ನೋಡ್ಲೇ ಇಲ್ಲ. ತಪ್ಪು ನಂದೇ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಐದು ಗಂಟೆವರೆಗೆ ಟೈಮು. ಆಮೇಲೆ ನನ್ನ ಕೇಳ್ಬೇಡಿ."

ಅವಳು ಎರಡೂ ಪ್ರಶ್ನೆಗಳನ್ನು ಜೋಡಿಸಿ, ಏಳಕ್ಕೆ ಹೋಗಿಯೂ ಪಾಸಾಗದವರನ್ನೆಲ್ಲ ಆರಕ್ಕೆ ಇಳಿಸಿದಳು. ಊಟ ಡಬ್ಬಿಯಲ್ಲೇ ಉಳಿಯಿತು. ನಾಲ್ಕೂಮುಕ್ಕಾಲಿಗೆ ಅವಳ ಬಡಾವಣೆಯ ಅರವತ್ತೊಂದು ನೂರ ನಲವತ್ತೆರಡಾಗಿತ್ತು. ಹೊಸದಾಗಿ ಸೇರಿದವರಲ್ಲಿ ಮುಕ್ಕಾಲುಪಾಲು ಹೆಂಗಸರು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು, "ಅಮ್ಮ, ನಿನ್ನನ್ನ ಆರಕ್ಕೆ ಇಳಿಸಿಬಿಟ್ಟೆ. ಬೇಜಾರಾಯ್ತಾ?"

ಇಷ್ಟು ವರ್ಷ ಏಳು ಎಂದು ಎದೆಯುಬ್ಬಿಸಿ ಹೇಳಿಕೊಂಡು ಬಂದ ಜೀವ ಅದು. ಅಮ್ಮ ಅವಳ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡಳು. ಆಮೇಲೆ, "ಶಾಲೆ ಬರುತ್ತಾ?" ಎಂದಳು.

"ಬರುತ್ತೆ. ಪಕ್ಕದ ಮನೆಯವಳಿಗೆ ಹೇಳಿ ಬಾ, ಖುಷಿಪಡ್ಲಿ."

"ಅವಳಿಗ್ಯಾಕೆ? ಅವಳು ಹತ್ತು ಪಾಸು" ಎಂದಳು ಅಮ್ಮ, ಮಗಳ ಮುಖ ನೋಡದೆ. "ಈ ವಯಸ್ಸಲ್ಲಿ ಏಳಕ್ಕೆ ಸೇರಿಸ್ಕೊಳ್ತಾರಾ, ಕೇಳು."