ಅಕ್ಕನ ತೂಕ

ಲೋಪೆತಿ ಮಾಡುವ ಮಂಚಗಳ ಸುದ್ದಿ ಎತ್ತಿದರೆ ನೇಯಾಫು ಎಂಬ ದ್ವೀಪದೂರಿನ ಬಂದರಿನಲ್ಲಿ ನಗದವರಿರಲಿಲ್ಲ. ನಗುತ್ತಲೇ ಹೋಗಿ ತಮಗೂ ಒಂದು ಮಾಡಿಸಿಕೊಂಡು ಬರುತ್ತಿದ್ದರು. ಹಾಯಿದೋಣಿಗಳ ರಿಪೇರಿ ಅವನ ಕಸುಬು, ಮಂಚ ಅವನ ಹುಚ್ಚು. ಕ್ರಿಸ್‌ಮಸ್ಸಿಗೆ ಆಕ್ಲೆಂಡಿನಿಂದ ನೆಂಟರ ದಂಡು ಬಂದಿಳಿದರೆ ಮಲಗಿಸಲು ಜಾಗವಿಲ್ಲದ ಮನೆಗಳಿಗೆ, ಹಗಲು ಮಾಡಿಗೆ ಏರಿ ರಾತ್ರಿ ಹಗ್ಗದಲ್ಲಿ ಇಳಿಯುವ ಮಂಚ ಮಾಡಿಕೊಟ್ಟಿದ್ದ. ಪಾದ್ರಿಯ ಮನೆಯದು ಗೋಡೆಗೆ ಮಡಚಿಕೊಳ್ಳುತ್ತಿತ್ತು. ಮುರಿದ ದೋಣಿಯೊಂದನ್ನು ಉದ್ದಕ್ಕೆ ಸೀಳಿ ಅವಳಿ ಮಕ್ಕಳಿಗೆ ಎರಡು ಮಂಚ ಮಾಡಿದ್ದೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇವನ ಹತ್ತಿರ ನಡೆಯುವುದಿಲ್ಲ, ಕಾಲು ಬೇಕಾದಷ್ಟು ಚಾಚು, ಹಾಸಿಗೆಯ ಚಿಂತೆ ಲೋಪೆತಿಗಿರಲಿ ಎಂದು ಕಾವಾ ಬೇರಿನ ರಸ ಕುಡಿಯಲು ಕೂತ ಗಂಡಸರು ಗೇಲಿ ಮಾಡುತ್ತಿದ್ದರು.

ಆದರೆ ಅವನ ಅಕ್ಕ ಲೋಸಲೀನೆಯ ಮಂಚದ ವಿಷಯಕ್ಕೆ ಈಗ ಯಾರೂ ನಗುತ್ತಿರಲಿಲ್ಲ. ಅಕ್ಕ ಸತ್ತು ಒಂದೆರಡು ತಿಂಗಳಾಗಿತ್ತು. ಮಂಚ ತಾನಾಗಿ ಏಳತೊಡಗಿತ್ತು.

ಅವನು ಮಾಡಿದ್ದರಲ್ಲೆಲ್ಲ ಅದೇ ಚೆಂದದ್ದು. ಲೋಸಲೀನೆಗೆ ಉಸಿರು ಹಿಡಿಯುವ ಕಾಯಿಲೆ. ಬೆಳಗಿನ ಜಾವ ಬೆನ್ನೆತ್ತಿ ಕೂರಿಸದಿದ್ದರೆ ಎದೆ ಕಟ್ಟಿಬಿಡುತ್ತಿತ್ತು. ಅದಕ್ಕೆ ಲೋಪೆತಿ ತಲೆಕಡೆಯ ಅರ್ಧ ಮಾತ್ರ ಕೀಲಿನ ಮೇಲೆ ಏಳುವ ಹಾಗೆ ಮಾಡಿ, ದೋಣಿಯ ರಾಟೆಗಳ ಮೇಲೆ ಹಗ್ಗ ಹಾಯಿಸಿ, ಅದರ ತುದಿಗೆ ಗೋಡೆಯ ಹೊರಗಿನ ಪೆಟ್ಟಿಗೆಯೊಳಗೆ ಸೀಸದ ತೂಕ ಇಳಿಬಿಟ್ಟಿದ್ದ. ಮಲಗಿದವರ ಭಾರಕ್ಕೆ ಸೀಸದ ಭಾರ ಸರಿಹೋದರೆ, ಕೈಗೆ ಸಿಗುವ ಹಗ್ಗವನ್ನು ಒಂದಿಷ್ಟು ಎಳೆದರೂ ಸಾಕು, ಹಾಸಿಗೆಯೇ ಬೆನ್ನು ಹಿಡಿದು ಕೂರಿಸುತ್ತದೆ. ಯಾರನ್ನೂ ಕೂಗಬೇಕಿಲ್ಲ. ಮಕ್ಕಳು ಬೆರಳು ಹಾಕಿಯಾರೆಂದು ಪೆಟ್ಟಿಗೆಗೆ ಬೆಣೆ ಬಡಿದು ಬಣ್ಣ ಬಳಿದು ಮುಚ್ಚಿದ್ದ.

ಆ ಮಂಚವನ್ನು ಅದರ ಜಾಗದಲ್ಲಿ ಅವನು ಒಮ್ಮೆಯೂ ನೋಡಿರಲಿಲ್ಲ. ನೋಡುವುದೆಲ್ಲಿ ಬಂತು? ಅಕ್ಕನ ಕೋಣೆಗೆ ತಮ್ಮ ಕಾಲಿಡುವಂತಿಲ್ಲ. ಚಿಕ್ಕ ಹುಡುಗನಿದ್ದಾಗ ಹಿತ್ತಲಿನ ಗಂಡುಹುಡುಗರ ಗುಡಿಸಲಿಗೆ ಮಲಗಲು ಹೋದವನು ಆಮೇಲೆ ಅಕ್ಕನಿದ್ದ ಸೂರಿನಡಿ ಒಂದು ರಾತ್ರಿಯನ್ನೂ ಕಳೆದಿಲ್ಲ. ಅವಳ ಚಾಪೆಯ ಮೇಲೆ ಕೂತಿಲ್ಲ. ಅವಳಿದ್ದ ಕಡೆ ಯಾರಾದರೂ ಪೋಲಿ ಮಾತು ತೆಗೆದರೆ ಎದ್ದು ಹೋಗಿದ್ದಾನೆ. ಒಡಹುಟ್ಟಿದ ಹೆಣ್ಣು ಯಾವತ್ತೂ ಮೇಲು. ಅವಳ ಮೈಯ ಸುದ್ದಿ ಅವನ ಮುಂದೆ ಎತ್ತುವಷ್ಟು ಮಾನಗೆಟ್ಟವರು ಆ ಊರಲ್ಲಿಲ್ಲ. ಗಂಡ ತೀರಿಕೊಂಡ ಮೇಲೆ ಲೋಸಲೀನೆ ತನ್ನ ಮಗಳು ಸೇಯಿನಿಯೊಂದಿಗೆ ಮುಂದಿನ ಮನೆಯಲ್ಲಿದ್ದಳು, ಲೋಪೆತಿ ಅದೇ ಹಿತ್ತಲಿನ ಹಿಂದಿನ ಮನೆಯಲ್ಲಿ. ಮಂಚವನ್ನು ಒಳಗೆ ಜೋಡಿಸಿದವರು ಅವನ ಹೆಂಡತಿಯ ತಮ್ಮಂದಿರು. ಅವನು ಗೋಡೆಯಾಚೆ ನಿಂತು ಕೂಗಿ ಹೇಳಿದ್ದ. ಹೇಗಿದೆಯಂತೆ ಎಂದು ಹೆಂಡತಿ ಕಲೋಲೈನೆಯ ಮೂಲಕ ಕೇಳಿಸಿದಾಗ, ತುಂಬಾ ಚೆನ್ನಾಗಿದೆಯಂತೆ ಎಂದು ಉತ್ತರ ಬಂತು. ಪುಣ್ಯಾತ್ಮ ಒಂದು ವಾರ ಎದೆಯುಬ್ಬಿಸಿಕೊಂಡು ತಿರುಗಿದ.

ಆ ವರ್ಷವೇ ಒಂದು ಬೆಳಗಿನ ಜಾವ ಲೋಸಲೀನೆ ಉಸಿರು ಕಟ್ಟಿ ಸತ್ತಳು. ಅಕ್ಕನ ಸಾವಿನಲ್ಲಿ ತಮ್ಮನದು ಎಲ್ಲರಿಗಿಂತ ಕೀಳು ಜಾಗ. ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು, ಹಿತ್ತಲಿನ ನೆಲದೊಲೆಯಲ್ಲಿ ಹಂದಿ, ಗೆಣಸು ಬೇಯಿಸುತ್ತ ಕೂತ. ಮುಖ ನೋಡಲಿಲ್ಲ.

ಆಮೇಲೆ ಆ ಮಂಚದಲ್ಲಿ ಸೇಯಿನಿ ಮಲಗತೊಡಗಿದಳು. ಮೂವತ್ತು ದಾಟಿದ ಹೆಂಗಸು, ಅವಳಿಗೂ ತಾಯಿಯ ಕಾಯಿಲೆಯೇ ಹತ್ತಿತ್ತು. ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಬಿಸಿನೀರು ಕೊಡಲು ಹೋದ ಕಲೋಲೈನೆ, ಸೇಯಿನಿ ನಿದ್ದೆಯಲ್ಲಿದ್ದಾಗಲೇ ಮಂಚದ ತಲೆಕಡೆ ಮೆಲ್ಲಗೆ ಏಳುವುದನ್ನು ಕಂಡಳು. ಕೈಹಗ್ಗ ಸಡಿಲವಾಗಿ ತೂಗುತ್ತಿತ್ತು, ಯಾರೂ ಅದನ್ನು ಹಿಡಿದಿರಲಿಲ್ಲ. ಲೋಟದ ನೀರು ಅಲ್ಲೇ ಚೆಲ್ಲಿ ಓಡಿಬಂದಳು. ಲೋಪೆತಿ ಮೊದಲು ನಕ್ಕುಬಿಟ್ಟ. ಸೀಸ ಹೆಚ್ಚಾದರೆ ಹಾಗೆ ತಾನಾಗಿ ಏಳುತ್ತದೆ, ಹುಡುಗಿ ಸೊರಗಿರಬೇಕು ಎಂದ. ಕಲೋಲೈನೆ ಗಂಡನ ಮುಖವನ್ನು ಒಂದು ಥರ ನೋಡಿ ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡಳು.

ಮರುದಿನ ಬೆಳಗಿನ ಜಾವ ಅವನೇ ಗೋಡೆಯಾಚೆ ಹೋಗಿ ನಿಂತ. ರಾಟೆ ಕಿರ್ರೆಂದಿತು. ಪೆಟ್ಟಿಗೆಯೊಳಗೆ ಸೀಸ ಇಳಿಯಿತು. ಆಮೇಲೆ ಒಳಗಿನಿಂದ, ಭಾರ ಹೊತ್ತು ಇಳಿಸಿದವರದೊಂದು ನಿಟ್ಟುಸಿರು. ಅದು ಸೇಯಿನಿಯದಲ್ಲ. ಇಷ್ಟು ವರ್ಷ ಗೋಡೆಯಾಚೆಯಿಂದಲೇ ಕೇಳಿದ ಅಕ್ಕನ ಉಸಿರು ಅವನಿಗೆ ಗೊತ್ತಾಗುವುದಿಲ್ಲವೇ?

ಊರ ಬಾಯಿ ಮುಚ್ಚಲಾದೀತೇ? ಸತ್ತವರು ಒಂಟಿತನ ತಾಳದೆ ತಮ್ಮವರನ್ನು ಎಬ್ಬಿಸಿ ಕರೆದೊಯ್ಯುತ್ತಾರೆ ಎಂದು ಮುದುಕಿಯರು ಹೇಳಿದರು. ಸಮಾಧಿಗೆ ಹೊಸ ಬಿಳಿ ಮರಳು ಹರಡಿದ್ದಾಯಿತು, ತಲೆಕಡೆ ಹೊಸ ಕೌದಿ ಕಟ್ಟಿದ್ದಾಯಿತು, ಪಾದ್ರಿ ಪ್ರಾರ್ಥನೆ ಮಾಡಿದ್ದೂ ಆಯಿತು. ಮಂಚ ಏಳುತ್ತಲೇ ಇತ್ತು, ಸೇಯಿನಿಯ ಕೆಮ್ಮು ಹೆಚ್ಚುತ್ತಲೇ ಇತ್ತು. ಅಕ್ಕ ಮಗಳನ್ನು ಕರೆಯುತ್ತಿದ್ದಾಳೆ, ಅದೂ ತಾನು ಮಾಡಿಕೊಟ್ಟ ಮಂಚದಿಂದ. ಈ ಯೋಚನೆ ಲೋಪೆತಿಯ ಅನ್ನ ನಿದ್ದೆ ಕಿತ್ತುಕೊಂಡಿತು. ಮಂಚ ಸುಟ್ಟರೆ ಅಕ್ಕನ ಹಾಸಿಗೆಗೆ ಕೈಹಾಕಿದ ಪಾಪ, ಬಿಟ್ಟರೆ ಅಕ್ಕನ ಮಗಳ ಜೀವ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಕಲೋಲೈನೆಯೇ ಕಡ್ಡಿ ಮುರಿದಂತೆ ಹೇಳಿದಳು.

“ಸತ್ತೋಳ ಮರ್ಯಾದೆ ಕಾಯ್ದಿದ್ದು ಸಾಕು ಮಾರಾಯ. ಬದುಕಿರೋಳ್ನ ಉಳಿಸ್ಕೋ.”

ಗುರುವಾರ ಮಧ್ಯಾಹ್ನ ಸುಡುವುದೆಂದು ತೀರ್ಮಾನವಾಯಿತು. ಲೋಪೆತಿ ಸೀಮೆಎಣ್ಣೆಯ ಡಬ್ಬ ಹಿಡಿದು ಅಂಗಳದಲ್ಲಿ ನಿಂತ. ಮಂಚ ಹೊರಗೆ ತರಲು ಹೋದ ಅವನ ಹೆಂಡತಿಯ ತಮ್ಮಂದಿರು ಬರಿಗೈಲಿ ವಾಪಸ್ ಬಂದರು. ಸೇಯಿನಿ ಅದರ ಮೇಲೆ ಮಲಗಿದ್ದಾಳೆ, ಏಳುವುದಿಲ್ಲ ಅನ್ನುತ್ತಾಳೆ, ಮಾವನನ್ನು ಕಿಟಕಿಯ ಹತ್ತಿರ ಕರೆಯುತ್ತಾಳೆ ಎಂದರು. ಅವನು ಹೋಗಿ, ಒಳಗೆ ಕಣ್ಣು ಹಾಯಿಸದೆ ಗೋಡೆಯ ಬುಡ ನೋಡುತ್ತ ನಿಂತ.

“ಮಾವ, ನಾನು ನಿನ್ನ ಫಾಹು ಹೌದೋ ಅಲ್ವೋ?”

ಹೌದು ಎಂದ. ಅಲ್ಲ ಅನ್ನುವುದುಂಟೇ? ಫಾಹು ಎಂದರೆ ಎಲ್ಲ ಹಕ್ಕೂ ಇರುವ ಅಕ್ಕನ ಮಕ್ಕಳು. ಸೋದರಮಾವನ ತಟ್ಟೆಯಿಂದ ಮೀನು ಎತ್ತಿಕೊಂಡು ಹೋದರೂ, ಅವನ ದೋಣಿಯನ್ನೇ ಬಿಚ್ಚಿಕೊಂಡು ಹೋದರೂ ಅವನು ಯಾಕೆ ಎಂದು ಕೇಳುವಂತಿಲ್ಲ.

“ಹಂಗಾದ್ರೆ ನಾನೇನು ಹೇಳಿದ್ರೂ ನೀನು ಇಲ್ಲಿಂದ ಹೋಗಂಗಿಲ್ಲ. ಅಮ್ಮನ ಮೈ ವಿಷಯ ಹೇಳ್ತೀನಿ.”

ಅಂಗಳದಲ್ಲಿದ್ದ ಗಂಡಸರು ಅಷ್ಟು ಕೇಳಿದ್ದೇ ಜಾಗ ಖಾಲಿ ಮಾಡಿದರು. ಲೋಪೆತಿಯ ಕಿವಿ ಕಾದು ಕೆಂಡವಾಯಿತು. ನಾಚಿಕೆಗೆ ಸಮುದ್ರಕ್ಕೆ ಹಾರಿಬಿಡೋಣ ಅನ್ನಿಸಿತು. ಆದರೂ ನಿಂತ.

“ಈ ಮಂಚ ಅಮ್ಮನಿಗೆ ಒಂದು ದಿನಾನೂ ಏಳ್ಲಿಲ್ಲ ಮಾವ. ನೀನು ಹಾಕಿದ ಸೀಸ ಸಾಲ್ತಿರ್ಲಿಲ್ಲ. ಅಮ್ಮ ಭಾರ ಇದ್ಲು.”

ಮಿಕ್ಕಿದ್ದನ್ನು ಅವಳು ತಡೆತಡೆದು, ಮಧ್ಯೆ ಮಧ್ಯೆ ಕೆಮ್ಮುತ್ತ ಹೇಳಿದಳು. ದಿನಾ ಬೆಳಗಿನ ಜಾವ ತಾನೇ ಎದ್ದು ಬಂದು, ಇದ್ದ ಶಕ್ತಿಯೆಲ್ಲ ಹಾಕಿ ಹಗ್ಗ ಎಳೆದು ತಾಯಿಯನ್ನು ಕೂರಿಸುತ್ತಿದ್ದಳು. ಮಾವನಿಗೆ ಹೇಳೋಣ ಎಂದರೆ ತಾಯಿ ಆಣೆ ಹಾಕಿಸಿಕೊಂಡಿದ್ದಳು. ಎಷ್ಟು ಪ್ರೀತಿಯಿಂದ ಮಾಡಿದ್ದಾನೆ, ಅವನ ಮನಸ್ಸು ಮುರಿಯಬೇಡ ಎಂದಿದ್ದಳು. ಅಲ್ಲದೆ ಅಕ್ಕನ ತೂಕದ ಮಾತನ್ನು ತಮ್ಮನ ಕಿವಿಗೆ ಹಾಕುವವರು ಯಾರು? ಒಂದು ರಾತ್ರಿ ಚರ್ಚಿನಲ್ಲಿ ಬೆಳಗಾಗುವವರೆಗೂ ಹಾಡು ಇತ್ತು. ಸೇಯಿನಿ ಹೋಗಿದ್ದಳು. ವಾಪಸ್ ಬಂದಾಗ ತಾಯಿ ಅಂಗಾತ ಬಿದ್ದಿದ್ದಳು, ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಎಳೆದೆಳೆದು ಚರ್ಮ ಕಿತ್ತುಬಂದಿತ್ತು. ಮೈ ತೊಳೆದ ಹೆಂಗಸರೆಲ್ಲ ನೋಡಿದರು. ಕಲೋಲೈನೆಯೂ ನೋಡಿದಳು. ಆ ಕೈಗೆ ಬಟ್ಟೆ ಸುತ್ತಿ ಮುಚ್ಚಿದರು, ತಮ್ಮ ಬಾಯಿಯನ್ನೂ ಮುಚ್ಚಿಕೊಂಡರು.

ಸೀಸ ಕಾಯಿಸಿ ಹೊಯ್ದ ದಿನ ಲೋಪೆತಿಗೆ ನೆನಪಾಯಿತು. ಅಕ್ಕನ ಮೈ ಎಷ್ಟು ಭಾರವಿದ್ದೀತು ಎಂದು ಯೋಚಿಸಲೂ ಅವತ್ತು ಅವನು ಹೇಸಿದ್ದ. ಕಣ್ಣು ಮುಚ್ಚಿದರೆ ಕಂಡದ್ದು, ಇಳಿತದ ನೀರಿನಲ್ಲಿ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹವಳದ ಬಂಡೆ ದಾಟಿಸುತ್ತಿದ್ದ ಒಣಕಲು ಹುಡುಗಿ. ಆ ಹುಡುಗಿಯ ತೂಕಕ್ಕೆ ಸೀಸ ಹೊಯ್ದಿದ್ದ. ಅದನ್ನೇ ಮರ್ಯಾದೆ ಅಂದುಕೊಂಡಿದ್ದ.

“ನಾನೂ ಅಮ್ಮನಷ್ಟೇ ಭಾರ ಇದೀನಿ ಮಾವ,” ಎಂದಳು ಸೇಯಿನಿ. “ಉಸಿರು ಸಿಕ್ಕಿಕೊಂಡಾಗ ನಾನು ಎಳೆದ್ರೆ ಈ ಹಗ್ಗ ಒಂದಿಂಚೂ ಬರಲ್ಲ. ಮತ್ತೆ ನನ್ನ ಎತ್ತೋರು ಯಾರು ಅಂದ್ಕೊಂಡೆ? ಅಮ್ಮ ನನ್ನ ಕರ್ಕೊಂಡು ಹೋಗೋಕೆ ಬರ್ತಿಲ್ಲ. ಹೋಗ್ದೆ ಇರೋ ಹಂಗೆ ಹಿಡ್ಕೊಂಡಿದಾಳೆ.”

ಲೋಪೆತಿ ಸೀಮೆಎಣ್ಣೆಯ ಡಬ್ಬವನ್ನು ಕೊಟ್ಟಿಗೆಗೆ ಒಯ್ದಿಟ್ಟು, ಬಲೆಗೆ ಕಟ್ಟುವ ಸೀಸದ ಗುಂಡುಗಳ ಚೀಲವನ್ನೂ ಸುತ್ತಿಗೆಯನ್ನೂ ತಂದ. ಬೆಣೆ ಕಿತ್ತು ಪೆಟ್ಟಿಗೆ ತೆರೆದ. ಒಳಗೆ ಸೇಯಿನಿ ಮಲಗಿದ್ದಳು, ಹೊರಗೆ ಅವನು ಬೊಗಸೆ ಬೊಗಸೆಯಾಗಿ ಗುಂಡು ತುಂಬತೊಡಗಿದ. ಈಗ ಎಂದು ಕೇಳಿದ. ಇಲ್ಲ ಎಂದಳು. ಮತ್ತೆ ತುಂಬಿದ. ಚೀಲ ಖಾಲಿಯಾಗಿ ಇನ್ನೊಂದು ಚೀಲ ಹೊತ್ತು ತಂದ.

“ಇಷ್ಟೊಂದಾ ಸೇಯಿನಿ?”

“ಇನ್ನೂ ಹಾಕು ಮಾವ.”

ಎರಡನೇ ಚೀಲವೂ ತಳ ಕಾಣುವ ಹೊತ್ತಿಗೆ ಅವನ ತೋಳು ಸೋತುಹೋಗಿತ್ತು. ಇಷ್ಟು ಭಾರವನ್ನು ಅಕ್ಕ ದಿನಾ ಬೆಳಗಿನ ಜಾವ ಬರಿಗೈಲಿ ಎತ್ತುತ್ತಿದ್ದಾಳೆ, ಅದೂ ಚರ್ಮ ಕಿತ್ತ ಕೈಯಲ್ಲಿ. ಸತ್ತ ಮೇಲೂ ನನ್ನ ತಪ್ಪಿಗೆ ದುಡಿಯುತ್ತಿದ್ದಾಳಲ್ಲ ಅನ್ನಿಸಿದಾಗ ಲೋಪೆತಿ ಗೋಡೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಸಾವಿನ ದಿನ ಒಲೆಯ ಹೊಗೆಯಲ್ಲಿ ಅಳದೆ ಉಳಿದದ್ದೆಲ್ಲ ಈಗ ಬಂತು. ಒಳಗೆ ರಾಟೆ ಸದ್ದಿಲ್ಲದೆ ತಿರುಗಿತು. ಬಂತು ಮಾವ, ಒಂದೇ ಬೆರಳಿಗೆ ಬಂತು ಎಂದು ಸೇಯಿನಿ ಕೂಗಿದಳು.

ಲೋಪೆತಿ ಗೋಡೆಯಿಂದ ಮುಖ ಎತ್ತದೆ, ಹುಡುಗನಾಗಿದ್ದಾಗಿನಿಂದ ನೇರವಾಗಿ ಮಾತಾಡಿಸದಿದ್ದವಳನ್ನು ಮಾತಾಡಿಸಿದ.

“ಅಕ್ಕಾ, ಈಗ ಸರಿಹೋಯ್ತು. ಇನ್ನು ನೀನು ಕೈ ಬಿಡು.”

ಮರುದಿನ ಕೋಳಿ ಕೂಗುವ ಮುಂಚೆಯೇ ಬಂದು ಗೋಡೆಗೆ ಕಿವಿಗೊಟ್ಟ. ಸೇಯಿನಿ ಕೆಮ್ಮಿದಳು, ಹಗ್ಗ ಎಳೆದುಕೊಂಡಳು, ಎದ್ದು ಕೂತು ಉಸಿರಾಡಿದಳು. ಇನ್ನೊಂದು ಉಸಿರಿಗಾಗಿ ಅವನು ಕಾದ. ಅದು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮನೆಗೆ ಹಿಡಿದ ಪೀಡೆ ತೊಲಗಿತು ಎಂದು ಕಲೋಲೈನೆ ದೇವರನ್ನು ನೆನೆದು, ಸೇಯಿನಿಯನ್ನು ಕರೆದುಕೊಂಡು ಭಾನುವಾರದ ಪ್ರಾರ್ಥನೆಗೆ ಹೋದಳು.

ಲೋಪೆತಿ ಹೋಗಲಿಲ್ಲ. ಮುಂದಿನ ಮನೆಯ ಮೆಟ್ಟಿಲು ಹತ್ತಿ, ಅಕ್ಕನ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ಬಹಳ ಹೊತ್ತು ನಿಂತ. ಯಾವ ಹೆದರಿಕೆಯೂ ಆಗಲಿಲ್ಲ, ಯಾವ ನಾಚಿಕೆಯೂ ಅಡ್ಡ ಬರಲಿಲ್ಲ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ, ತಲೆಯೆತ್ತಿ ಸುತ್ತಲೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ.