ಎರಡನೆಯ ಸೀಟಿ

ನಾನು ಒಂದು ಹಿತ್ತಾಳೆ ಸೀಟಿ. ಎರಡು ಬೆರಳಿನಷ್ಟು ಉದ್ದ, ಹೊಟ್ಟೆಯೊಳಗೆ ಬೆಂಡಿನ ಒಂದು ಪುಟ್ಟ ಗುಂಡು. ನನ್ನನ್ನು ಮಾಡಿದವನು ಪರೀಕ್ಷೆಗೆಂದು ಒಮ್ಮೆ ಊದಿದ. ಬೀದಿಯಲ್ಲಿ ನಿಂತಿದ್ದ ಎತ್ತು ಬೆದರಿ ಗಾಡಿಸಮೇತ ಓಡಿತು. ನನ್ನ ಯೋಗ್ಯತೆ ನನಗೆ ಆಗಲೇ ಗೊತ್ತಾಯಿತು. ಜಂಬ ಅಂದರೆ ಜಂಬ ಅನ್ನಿ.

ಸೈನ್ಯಕ್ಕೆ ಸೇರಿ ಲಗಮಪ್ಪನ ಕೊರಳಿಗೆ ಬಿದ್ದೆ. ಗೋಕಾಕದ ಕಡೆಯವನು. ಮಾತು ಕಡಿಮೆ, ಊದುವುದು ಜಾಸ್ತಿ. ಎಪ್ಪತ್ತೊಂದರ ಯುದ್ಧದಲ್ಲಿ, ಡಿಸೆಂಬರಿನ ಒಂದು ಮುಂಜಾನೆ, ದಟ್ಟ ಮಂಜಿನಲ್ಲಿ ಅವನ ಹನ್ನೆರಡು ಜೊತೆಗಾರರು ದಾರಿ ತಪ್ಪಿದರು. ಊದಿದರೆ ಶತ್ರುವಿಗೂ ಕೇಳುತ್ತದೆ. ಆದರೂ ಊದಿದ. ಗುಂಡು ಹಾರಿ ಬಂದಾಗ ಬೋರಲು ಬಿದ್ದ. ಕಲ್ಲಿಗೆ ತಾಗಿ ನನ್ನ ಪಕ್ಕೆ ನೆಗ್ಗಿತು. ಸದ್ದು ಹಿಡಿದು ಹನ್ನೊಂದು ಜನ ಬಂದರು. ಹನ್ನೆರಡನೆಯವನು ಬರಲಿಲ್ಲ. ಲಗಮಪ್ಪ ಮಧ್ಯಾಹ್ನದವರೆಗೂ ಊದುತ್ತಲೇ ಇದ್ದ.

ಹವಾಲ್ದಾರನಾಗಿ ನಿವೃತ್ತಿಯಾದಾಗ ಮೇಲಿನವರನ್ನು ಕೇಳಿ ನನ್ನನ್ನೂ ಊರಿಗೆ ತಂದ. ಅಲ್ಲಿ ನಾಲ್ಕು ದಿನಕ್ಕೊಮ್ಮೆ ನಳಕ್ಕೆ ನೀರು; ಬಂತೆಂದರೆ ಕೊಡಗಳ ಕುಸ್ತಿ. ಹವಾಲ್ದಾರ ನನ್ನನ್ನು ಊದಿ ಸಾಲು ಹಚ್ಚಿದ. ಪಂಚಾಯಿತಿ ಅಧ್ಯಕ್ಷ ಬಾಳಗೌಡರ ಕೊಡವೂ ಸಾಲಿನಲ್ಲೇ. ಮನೆಯಲ್ಲಿ ಮಾತ್ರ ನಮ್ಮ ಆಟ ನಡೆಯಲಿಲ್ಲ. ಚಹಾಕ್ಕೆಂದು ಊದಿದ ದಿನ ಹೆಂಡತಿ ಸಿದ್ದವ್ವ ಲಟ್ಟಣಿಗೆ ಹಿಡಿದು ಹೊರಬಂದಳು.

"ನಾ ಏನ ನಿಮ್ಮ ಪಲ್ಟನ್ನಿನ ಸಿಪಾಯಿ ಏನ್ರಿ? ಇನ್ನೊಮ್ಮಿ ಊದ್ರಿ, ಒಲ್ಯಾಗ ಒಗೀತೇನಿ ಅದನ್ನ!"

ಆಮೇಲೆ ನಾವಿಬ್ಬರೂ ಅಡುಗೆಮನೆಯ ಕಡೆ ಬಾಯಿ ಬಿಡಲಿಲ್ಲ.

ಪ್ರತಿ ಡಿಸೆಂಬರಿನಲ್ಲಿ ಹವಾಲ್ದಾರ ಊರವರನ್ನು ನಳದ ಕಟ್ಟೆಯ ಹತ್ತಿರ ಸೇರಿಸುತ್ತಿದ್ದ. ಬಾರದೆ ಹೋದ ಆ ಗೆಳೆಯನಿಗಾಗಿ ಎರಡು ನಿಮಿಷ ಮೌನ. ಮೊದಲ ಸೀಟಿಗೆ ತಲೆ ತಗ್ಗಬೇಕು, ಎರಡನೆಯದಕ್ಕೆ ಎತ್ತಬೇಕು. ಗಡಿಯಾರ ನೋಡುವುದು ಅವನ ಕೆಲಸ, ಕಾಯುವುದು ಊರವರದು.

ಎಂಬತ್ತೊಂದನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಬೂಟಿಗೆ ಪಾಲಿಶ್ ಹಚ್ಚುತ್ತಲೇ ಹವಾಲ್ದಾರ ಗೋಡೆಗೆ ಒರಗಿದ. ಒಂದು ಬೂಟು ಮಿಂಚುತ್ತಿತ್ತು, ಇನ್ನೊಂದು ಬಾಕಿ. ಸಿದ್ದವ್ವ ಅದನ್ನೂ ತಿಕ್ಕಿ ಮಿಂಚಿಸಿ, ಆಮೇಲೆ ಅತ್ತಳು.

ಹದಿಮೂರನೆಯ ದಿನ ಅದೇ ಕಟ್ಟೆಯ ಹತ್ತಿರ ಸಂತಾಪ ಸಭೆ. ಬಾಳಗೌಡರು ಗಾಜಿನ ಪೆಟ್ಟಿಗೆ ಮಾಡಿಸಿ ತಂದಿದ್ದರು.

"ಅಕ್ಕಾ, ಸೀಟಿ ಇದರಾಗ ಇಟ್ಟು ಆಫೀಸಿನ ಗ್ವಾಡಿಗೆ ಹಚ್ಚತೀವಿ. ಊರಿಗೆ ಮಾನ."

ಸಿದ್ದವ್ವ ಹೂಂ ಎಂದು ತಲೆಯಾಡಿಸಿದಳು. ಕೆಂಪು ಮಖಮಲ್ಲಿನ ಮೇಲೆ ಮಲಗಿ ನಾನು ನಡುಗಿದೆ. ಸಂಜೆ ಮುಚ್ಚಳಕ್ಕೆ ಮೊಳೆ ಬೀಳುತ್ತದೆ. ಆಮೇಲೆ ಯಾರ ಉಸಿರೂ ನನಗಿಲ್ಲ. ಮಾನ ಯಾರಿಗೆ ಬೇಕಿತ್ತು?

"ಎರಡ ಮಿನಿಟ ಮೌನ," ಎಂದರು ಬಾಳಗೌಡರು. ಊರಿಗೆ ಊರೇ ತಲೆ ತಗ್ಗಿಸಿತು.

ಎರಡು ನಿಮಿಷ ಕಳೆಯಿತು, ಐದಾಯಿತು. ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಎರಡನೆಯ ಸೀಟಿಗೆ ಕಾಯುತ್ತಿದ್ದರು, ಬಾಳಗೌಡರೂ ಸಹ! ಒಂದು ಆಡು ಬಂದು ಹವಾಲ್ದಾರನ ಫೋಟೋದ ಮಾಲೆಯನ್ನು ಅರ್ಧ ತಿಂದು ಮುಗಿಸಿತು. ಮೊದಲು ತಲೆ ಎತ್ತಿ ಅವಮರ್ಯಾದೆ ಮಾಡಲು ಯಾರೂ ತಯಾರಿರಲಿಲ್ಲ.

ಅಷ್ಟರಲ್ಲಿ ನಳ ಬುಸುಗುಟ್ಟಿತು. ನಾಲ್ಕು ದಿನದ ನೀರು ಧೋ ಎಂದು ಕಲ್ಲಿನ ಮೇಲೆ ಸುರಿದು ಚರಂಡಿಗೆ ಹರಿಯತೊಡಗಿತು. ಒಂದು ತಂಬಿಗೆ ನೀರು ಹಾಳಾದರೆ ಹವಾಲ್ದಾರ ಊಟ ಬಿಡುತ್ತಿದ್ದ. ಸಿದ್ದವ್ವ ನೀರನ್ನು ನೋಡಿದಳು, ಫೋಟೋವನ್ನು ನೋಡಿದಳು. ಸೀದಾ ಬಂದು ನನ್ನನ್ನು ಎತ್ತಿ ಬಾಯಿಗಿಟ್ಟಳು.

ಮೊದಲು ಬರೀ ಫುಸ್ಸೆಂದಿತು. ಅವಳ ತುಟಿ ಅದುರುತ್ತಿತ್ತು. ಎರಡನೆಯ ಸಲ ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ. ಎಲ್ಲ ತಲೆಗಳೂ ಒಮ್ಮೆಲೇ ಎದ್ದವು.

"ಎಷ್ಟೊತ್ತು ನಿಂದರತೀರಿ? ಇನ್ನ ಅವರು ಬಂದು ಊದಂಗಿಲ್ಲ," ಎಂದಳು ಸಿದ್ದವ್ವ. ನಳದ ಕಡೆ ಕೈ ತೋರಿಸಿದಳು. "ನೀರ ಬಂದೈತಿ. ಕೊಡಾ ತಗೊಂಡು ಸಾಲ ಹಚ್ಚರಿ!"

ಅಳುತ್ತ, ನಗುತ್ತ, ಊರು ಸಾಲು ಹಚ್ಚಿತು.

ಗಾಜಿನ ಪೆಟ್ಟಿಗೆಯಲ್ಲಿ ಬಾಳಗೌಡರು ಈಗ ಎಲೆ ಅಡಿಕೆ ಇಡುತ್ತಾರೆ. ನನಗೆ ವಯಸ್ಸಾಗಿದೆ, ಬೆಂಡಿನ ಗುಂಡು ಸವೆದಿದೆ. ಒಂದು ಕಾಲಕ್ಕೆ ನನಗೆ ಪ್ರವೇಶವಿಲ್ಲದಿದ್ದ ಅಡುಗೆಮನೆಯ ಮೊಳೆಗೇ ತೂಗಿಕೊಂಡಿದ್ದೇನೆ. ನೀರು ಬಂದ ದಿನ ಸಿದ್ದವ್ವನ ಕೊರಳೇರಿ ನಳಕ್ಕೆ ಹೋಗುತ್ತೇನೆ.

ಡಿಸೆಂಬರಿನ ಮೌನ ಈಗ ಇಬ್ಬರಿಗಾಗಿ. ಎರಡನೆಯ ಸೀಟಿಯನ್ನು ಸಿದ್ದವ್ವ ಪ್ರತಿ ಸಲವೂ ಸ್ವಲ್ಪ ತಡವಾಗಿ ಊದುತ್ತಾಳೆ. ಬಾಳಗೌಡರ ಕೈಯಲ್ಲಿ ಗಡಿಯಾರವಿದೆ. ಆದರೂ ಅವರು ಕಣ್ಣು ತೆರೆಯುವುದಿಲ್ಲ.